‘ಸಾಧ್ಯವೆ?’ ಎಂಬ ಪ್ರಶ್ನೆಯ ಎರಡು ಮುಖ

ಆತ್ಮಕಥೆಯನ್ನು ಕೈಗೆತ್ತಿಕೊಂಡ ವಿಮರ್ಶಕ ಸಾಮಾನ್ಯವಾಗಿ ಮೊದಲು ಕೇಳುವುದು, ಬರೆದವರು ನಿಜ ಹೇಳಿದ್ದಾರೆಯೆ ಎಂಬ ಪ್ರಶ್ನೆಯನ್ನು. ಕೆಲವು ತಿಂಗಳಿಂದ ನಾನು ಓದುತ್ತಿರುವ ನಾಲ್ಕು ಪುಸ್ತಕಗಳ ಮುಂದೆ ಈ ಪ್ರಶ್ನೆ ಸಣ್ಣದಾಗಿ ಕಂಡಿತು. ಇವುಗಳ ಲೇಖಕರು ತಮ್ಮ ಮಾತು ನಿಜವೆಂದು ನಂಬಿಸುವುದಕ್ಕೆ ಮೊದಲು, ತಾವು ಇರುವುದೇ ನಿಜವೆಂದು ನಂಬಿಸಬೇಕಾಗಿ ಬಂದವರು. ನಾಲ್ವರೂ ಅಮೆರಿಕದ ಯೆಹೂದ್ಯರು. ಆದರೆ ಮುಖ ನೋಡಿದವರು ಯೆಹೂದ್ಯರೆಂದು ಊಹಿಸಲಾರದವರು. ಒಬ್ಬರ ತಾಯಿ ಕಪ್ಪು ಜನಾಂಗದವರು, ಇನ್ನೊಬ್ಬರ ತಾಯಿ ಕೊರಿಯದವರು. ಉಳಿದಿಬ್ಬರು ಕಪ್ಪು ಜನಾಂಗದಲ್ಲಿ ಹುಟ್ಟಿ ಬೆಳೆದು ಯೆಹೂದ್ಯ ಧರ್ಮವನ್ನು ಸೇರಿದವರು. ಇವರ ಕಥೆಗಳ ಮುಖ್ಯ ಘಟ್ಟಗಳು ನಡೆಯುವುದು ವಿದ್ಯಾರ್ಥಿನಿಲಯದಲ್ಲಿ, ಬೇಸಿಗೆಯ ಶಿಬಿರದಲ್ಲಿ, ಪಾಠಶಾಲೆಯಲ್ಲಿ, ಕಾಲೇಜಿನಲ್ಲಿ. ಓದುವ ವಯಸ್ಸಿನವರು ಒಟ್ಟುಗೂಡುವ ಇಂಥ ಕಡೆಗಳಲ್ಲಿ ‘ನಮ್ಮವರು’ ಎಂಬ ಮಾತಿಗೆ ಯಾರು ಯಾರು ಸಲ್ಲುತ್ತಾರೆ ಎಂಬುದೇ ಈ ಪುಸ್ತಕಗಳ ತಿರುಳು.

ಹಿನ್ನೆಲೆಯನ್ನು ಸ್ವಲ್ಪ ತಿಳಿದುಕೊಳ್ಳದೆ ಈ ಪುಸ್ತಕಗಳ ಒಳನೋವು ತಿಳಿಯಲಾರದು. 1881ರಿಂದ 1924ರ ವರೆಗೆ ಪೂರ್ವ ಯೂರೋಪಿನಿಂದ 20 ಲಕ್ಷಕ್ಕೂ ಹೆಚ್ಚು ಮಂದಿ ಯೆಹೂದ್ಯರು ಅಮೆರಿಕಕ್ಕೆ ಬಂದರು. ಅವರ ಮಕ್ಕಳು ಚೆನ್ನಾಗಿ ಓದಿ ದೊಡ್ಡ ವಿಶ್ವವಿದ್ಯಾನಿಲಯಗಳ ಬಾಗಿಲಿಗೆ ಬಂದಾಗ, ಬಾಗಿಲು ಅರ್ಧ ಮಾತ್ರ ತೆರೆಯಿತು. 1922ರಲ್ಲಿ ಹಾರ್ವರ್ಡಿನ ಅಧ್ಯಕ್ಷ ಲೊವೆಲ್, ಯೆಹೂದ್ಯ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಬೇಕೆಂದು ಸೂಚಿಸಿದನು. ಬಹಿರಂಗವಾದ ಮಿತಿಯನ್ನು ಅಲ್ಲಿಯ ಅಧ್ಯಾಪಕರು ಒಪ್ಪಲಿಲ್ಲ. ಆದರೆ ‘ನಡತೆ’, ‘ವ್ಯಕ್ತಿತ್ವ’ ಎಂಬ ಮಾತುಗಳ ಮರೆಯಲ್ಲಿ ಆ ಕೆಲಸ ನಡೆದೇ ನಡೆಯಿತು. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಇಂಥ ಏರ್ಪಾಡು 1960ರ ದಶಕದ ಆರಂಭದ ವರೆಗೂ ಉಳಿದುಕೊಂಡಿತ್ತು. ಹಾರ್ವರ್ಡಿನಲ್ಲಿ ಈ ಚರ್ಚೆ ಕಾವೇರಿದ್ದಾಗಲೇ, 1923ರಲ್ಲಿ, ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಯೆಹೂದ್ಯ ವಿದ್ಯಾರ್ಥಿಗಳಿಗಾಗಿ ‘ಹಿಲೆಲ್’ ಎಂಬ ಸಂಸ್ಥೆ ಹುಟ್ಟಿತು; ಇಂದು ಅದು ನೂರಾರು ಕಾಲೇಜುಗಳಲ್ಲಿದೆ. ಶುಕ್ರವಾರ ಸಂಜೆ, ಹೊತ್ತು ಮುಳುಗಿ ಸಬ್ಬತ್ ಆರಂಭವಾಗುವಾಗ, ಮನೆಯಿಂದ ದೂರವಿರುವ ಹುಡುಗ ಹುಡುಗಿಯರು ಅಲ್ಲಿ ಸೇರಿ ದೀಪ ಹಚ್ಚಿ ಊಟ ಮಾಡುತ್ತಾರೆ.

ಆ ಹೆಸರಿಗೆ ಒಂದು ಅರ್ಥವಿದೆ. ಹಿಲೆಲ್ ಎಂಬವನು ಎರಡು ಸಾವಿರ ವರ್ಷಗಳ ಹಿಂದೆ ಇದ್ದ ಜ್ಞಾನಿ. ಅನ್ಯಜನಾಂಗದವನೊಬ್ಬ ಬಂದು, ತಾನು ಒಂಟಿಕಾಲಲ್ಲಿ ನಿಂತಿರುವಷ್ಟು ಹೊತ್ತಿನಲ್ಲಿ ನಿಮ್ಮ ಧರ್ಮವನ್ನೆಲ್ಲ ಕಲಿಸಿದರೆ ನಿಮ್ಮವನಾಗುತ್ತೇನೆ ಎಂದನಂತೆ. ಶಮ್ಮಾಯಿ ಎಂಬ ಗುರು ಅವನನ್ನು ಅಳತೆಗೋಲಿನಿಂದ ಅಟ್ಟಿದನು. ಹಿಲೆಲನು ಬೇಸರಿಸದೆ, ನಿನಗೆ ಸಹ್ಯವಲ್ಲದ್ದನ್ನು ನೆರೆಯವನಿಗೆ ಮಾಡದಿರುವುದೇ ಧರ್ಮದ ಸಾರ, ಉಳಿದದ್ದು ಅದರ ವ್ಯಾಖ್ಯಾನ, ಹೋಗಿ ಕಲಿ ಎಂಬ ಅರ್ಥದ ಮಾತು ಹೇಳಿ ಅವನನ್ನು ಸೇರಿಸಿಕೊಂಡನು. ತಾಲ್ಮೂದಿನ ಈ ಕಥೆಯನ್ನು ನೆನೆದರೆ, ವಿದ್ಯಾರ್ಥಿಗಳ ಮನೆಗೆ ಆ ಹೆಸರನ್ನು ಇಟ್ಟವರು ಅದರ ಬಾಗಿಲು ಹೇಗಿರಬೇಕೆಂಬುದನ್ನೂ ಹೇಳಿದಂತಾಯಿತು.

ಆದರೆ ಬಾಗಿಲು ತೆರೆದಿದ್ದ ಮಾತ್ರಕ್ಕೆ ಒಳಗಿನವರ ಕಣ್ಣು ತೆರೆದಿರಬೇಕೆಂದಿಲ್ಲ. ಅಮೆರಿಕದಲ್ಲಿ ಪೂರ್ವ ಯೂರೋಪಿನಿಂದ ಬಂದ ಅಶ್ಕೆನಾಜಿ ಯೆಹೂದ್ಯರೇ ಬಹುಸಂಖ್ಯರಾದ್ದರಿಂದ, ಅವರ ಅಡಿಗೆಯೇ ಯೆಹೂದ್ಯ ಅಡಿಗೆ, ಅವರ ಅಡ್ಡಹೆಸರೇ ಯೆಹೂದ್ಯ ಹೆಸರು, ಅವರ ಮುಖವೇ ಯೆಹೂದ್ಯ ಮುಖ ಎಂಬ ನಂಬಿಕೆ ಬೆಳೆಯಿತು. ರೂಢಿ ಎಂಬುದು ಶಾಸ್ತ್ರದ ಗದ್ದುಗೆಯಲ್ಲಿ ಕುಳಿತುಬಿಟ್ಟಿತು. ಇತ್ತ ಜನಸಮುದಾಯ ಮಾತ್ರ ಬದಲಾಗುತ್ತಿತ್ತು. ಪ್ಯೂ ಸಂಶೋಧನಾ ಕೇಂದ್ರ 2020ರಲ್ಲಿ ನಡೆಸಿದ ಸಮೀಕ್ಷೆಯಂತೆ, ಅಮೆರಿಕದ ವಯಸ್ಕ ಯೆಹೂದ್ಯರಲ್ಲಿ ಶೇಕಡಾ 92 ಮಂದಿ ತಮ್ಮನ್ನು ಬಿಳಿಯರೆಂದೇ ಹೇಳಿಕೊಂಡರು. 30 ವರ್ಷದೊಳಗಿನವರಲ್ಲಿ ಹಾಗೆ ಹೇಳಿಕೊಳ್ಳದವರು ಶೇಕಡಾ 15. ಎಂದರೆ ಕಾಲೇಜಿನ ವಯಸ್ಸಿನವರ ಪಂಕ್ತಿಯಲ್ಲಿ ಏಳು ಜನ ಕುಳಿತರೆ ಹೆಚ್ಚುಕಡಿಮೆ ಒಬ್ಬರು ಆ ರೂಢಿಯ ಮುಖಕ್ಕೆ ಹೊಂದದವರು. ಅವರನ್ನು ಪಕ್ಕದವರು ಮಾತನಾಡಿಸುವ ಬಗೆಯಲ್ಲಿ ದ್ವೇಷವಿಲ್ಲ. ಹಲವು ಬಾರಿ ಸ್ನೇಹವೇ ಇರುತ್ತದೆ. ನೀವು ಅತಿಥಿಗಳೆ? ಮತಾಂತರವಾದವರೆ? ಯಾರೊಡನೆ ಬಂದಿರಿ? ಕೇಳುವವರಿಗೆ ಇದು ಅರೆಗಳಿಗೆಯ ಕುತೂಹಲ. ಕೇಳಿಸಿಕೊಳ್ಳುವವರು ಪ್ರತಿ ಶುಕ್ರವಾರವೂ ಇದಕ್ಕೆ ಉತ್ತರ ಕೊಟ್ಟ ಮೇಲೆಯೇ ಊಟಕ್ಕೆ ಕೂರಬೇಕು.

ಈ ಪ್ರಶ್ನೆಯ ಪೂರ್ಣ ಕ್ರೌರ್ಯವನ್ನು ನಾನು ಕಂಡದ್ದು ರೆಬೆಕ ವಾಕರ್ ಅವರ ‘ಬ್ಲ್ಯಾಕ್, ವೈಟ್ ಅಂಡ್ ಜೂಯಿಷ್’ ಎಂಬ ಆತ್ಮಕಥೆಯಲ್ಲಿ. ಅದು 2001ರ ಪುಸ್ತಕ. ಲೇಖಕಿಯ ತಾಯಿ ‘ದಿ ಕಲರ್ ಪರ್ಪಲ್’ ಕಾದಂಬರಿಯಿಂದ ಜಗತ್ತಿಗೆ ಪರಿಚಿತರಾದ ಆಲಿಸ್ ವಾಕರ್. ತಂದೆ ಮೆಲ್ ಲೆವೆಂತಾಲ್, ಕಪ್ಪು ಜನರ ನಾಗರಿಕ ಹಕ್ಕುಗಳಿಗಾಗಿ ಮಿಸಿಸಿಪ್ಪಿಯಲ್ಲಿ ದುಡಿದ ಯೆಹೂದ್ಯ ವಕೀಲರು. ಇಬ್ಬರ ಮದುವೆ ನಡೆದದ್ದು 1967ರಲ್ಲಿ; ಬಿಳಿಯರಿಗೂ ಇತರರಿಗೂ ಮದುವೆಯಾಗುವುದನ್ನು ನಿಷೇಧಿಸಿದ್ದ ಕಾನೂನುಗಳನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ರದ್ದುಪಡಿಸಿದ್ದೂ ಅದೇ ವರ್ಷ. 1969ರಲ್ಲಿ ಹುಟ್ಟಿದ ಮಗಳು ಒಂದು ಹೊಸ ಯುಗದ ಕನಸಿನ ಕೂಸು. ಕನಸು ಒಡೆಯಿತು, ತಂದೆತಾಯಿ ಬೇರೆಯಾದರು. ಎರಡೆರಡು ವರ್ಷಕ್ಕೊಮ್ಮೆ ಹುಡುಗಿ ಒಂದು ಮನೆಯಿಂದ ಇನ್ನೊಂದಕ್ಕೆ, ಒಂದು ಕರಾವಳಿಯಿಂದ ಇನ್ನೊಂದಕ್ಕೆ ಸಾಗಬೇಕಾಯಿತು. ಪ್ರತಿಯೊಂದು ಊರಿನಲ್ಲಿಯೂ ಬೇರೆ ನಡಿಗೆ, ಬೇರೆ ಉಚ್ಚಾರಣೆ, ಬೇರೆ ನಗು ಕಲಿಯಬೇಕು.

ಈ ಹುಡುಗಿ ಬೆಳೆದು ಯೇಲ್ ಸೇರಿದ ಮೊದಲ ವರ್ಷದ ಒಂದು ಚಿತ್ರ ಪುಸ್ತಕದಲ್ಲಿ ಬರುತ್ತದೆ. ಕುಡಿದ ವಿದ್ಯಾರ್ಥಿಯೊಬ್ಬ ಅವಳ ಕೋಣೆಗೆ ನುಗ್ಗುತ್ತಾನೆ. ಅವನೂ ಯೆಹೂದ್ಯನೇ, ನೋಡಲು ಮಾತ್ರ ಹಳೆಯ ಶ್ರೀಮಂತ ಪ್ರಾಟೆಸ್ಟೆಂಟ್ ಮನೆತನದವನಂತೆ. ನೀನು ನಿಜವಾಗಿಯೂ ಕಪ್ಪು ಜನಾಂಗದವಳೂ ಹೌದು ಯೆಹೂದ್ಯಳೂ ಹೌದೆ, ಅದು ಹೇಗೆ ಸಾಧ್ಯ ಎಂದು ಕೇಳುತ್ತಾನೆ. ಅವಳು ಅವನನ್ನು ಹೊರಗೆ ಕಳಿಸುತ್ತಾಳೆ. ಆದರೆ ಪ್ರಶ್ನೆ ಹೊರಗೆ ಹೋಗುವುದಿಲ್ಲ. ಕತ್ತಲಲ್ಲಿ ಬಹಳ ಹೊತ್ತು ಕುಳಿತು, ತಾನು ಎಂಬುದು ಸಾಧ್ಯವೆ ಎಂದು ತನ್ನನ್ನೇ ಕೇಳಿಕೊಳ್ಳುತ್ತಾಳೆ.

ಇಡೀ ಪುಸ್ತಕದಲ್ಲಿ ಇದಕ್ಕಿಂತ ಮಿಗಿಲಾದ ಪುಟ ಇಲ್ಲವೆಂದು ನನ್ನ ಅಭಿಪ್ರಾಯ. ಬಯ್ಗುಳವಾಗಿದ್ದರೆ ಅವಳು ತಿರುಗಿ ಬಯ್ಯಬಹುದಾಗಿತ್ತು. ಇದು ತರ್ಕದ ಪ್ರಶ್ನೆ. ತರ್ಕಕ್ಕೆ ಉತ್ತರ ಹುಡುಕಹೊರಟ ಮನಸ್ಸು ತನ್ನ ಇರವನ್ನೇ ಸಾಕ್ಷಿಕಟ್ಟೆಗೆ ತಂದು ನಿಲ್ಲಿಸುತ್ತದೆ. ಕೇಳಿದವನ ಸ್ಥಿತಿಯನ್ನೂ ಗಮನಿಸಬೇಕು. ಅವನ ತಾತನ ತಲೆಮಾರಿನ ಯೆಹೂದ್ಯ ತರುಣರನ್ನು ಅದೇ ಯೇಲ್ ಎಣಿಸಿ ಎಣಿಸಿ ಒಳಗೆ ಬಿಡುತ್ತಿತ್ತು. ನಿನ್ನಂಥವನು ಇಲ್ಲಿ ಹೇಗೆ ಎಂದು ಅವರು ಕೇಳಿಸಿಕೊಂಡ ಪ್ರಶ್ನೆಯನ್ನು ಅವನು ಈಗ ಇನ್ನೊಬ್ಬರಿಗೆ ದಾಟಿಸುತ್ತಿದ್ದಾನೆ. ಲೇಖಕಿ ಈ ವ್ಯಂಗ್ಯವನ್ನು ವಿವರಿಸಹೋಗುವುದಿಲ್ಲ. ಹುಡುಗನ ರೂಪವನ್ನು ಒಂದೆರಡು ಮಾತಿನಲ್ಲಿ ಬರೆದು ಸುಮ್ಮನಾಗುತ್ತಾರೆ. ಆ ಸಂಯಮ ಮೆಚ್ಚತಕ್ಕದ್ದು.

ಇಷ್ಟು ಹೊಗಳಿದ ಮೇಲೆ ಪುಸ್ತಕದ ಕೊರತೆಯನ್ನೂ ಹೇಳಬೇಕು. ಅದರ ಹೆಸರಿನಲ್ಲಿರುವ ಮೂರು ಪದಗಳಲ್ಲಿ ಕೊನೆಯದು ತೀರ ಬಡವಾಗಿದೆ. ಯೆಹೂದ್ಯತನ ಎಂದರೆ ಇಲ್ಲಿ ತಂದೆಯ ಕಡೆಯ ಬಂಧುಗಳು, ಅನುಕೂಲಸ್ಥರ ಬಡಾವಣೆ, ಬೇಸಿಗೆಯ ಶಿಬಿರ. ಪ್ರಾರ್ಥನೆಯಿಲ್ಲ, ಗ್ರಂಥವಿಲ್ಲ, ಹಬ್ಬದ ಹಿಂದಿನ ನೆನಪಿಲ್ಲ. ಯೌವನದಲ್ಲಿ ಆಕೆ ಲೆವೆಂತಾಲ್ ಎಂಬ ಅಡ್ಡಹೆಸರನ್ನು ಬಿಟ್ಟು ವಾಕರ್ ಎಂಬುದನ್ನು ಇಟ್ಟುಕೊಂಡದ್ದು ಆಶ್ಚರ್ಯವಲ್ಲ. ಒಂದು ಮನೆಯಲ್ಲಿ ಅಂಗಳವನ್ನು ಮಾತ್ರ ಕಂಡವರು ಅದನ್ನು ತಮ್ಮ ಮನೆ ಎಂದುಕೊಳ್ಳುವುದು ಕಷ್ಟ. ಈ ಕೊರತೆಗೆ ಲೇಖಕಿಯನ್ನು ಮಾತ್ರ ಹೊಣೆ ಮಾಡಲು ನಾನು ಸಿದ್ಧನಿಲ್ಲ. ಯಾರೂ ಒಳಗೆ ಕರೆದು ತೋರಿಸದಿದ್ದರೆ, ಒಳಮನೆಯ ವರ್ಣನೆ ಎಲ್ಲಿಂದ ಬರಬೇಕು?

ಒಳಮನೆಯಲ್ಲಿಯೇ ಬೆಳೆದವರಿಗೂ ಆ ಪ್ರಶ್ನೆ ತಪ್ಪುವುದಿಲ್ಲವೆಂಬುದಕ್ಕೆ ಆಂಜೆಲ ಬುಕ್‌ಡಾಲ್ ಅವರ ಬರವಣಿಗೆ ಸಾಕ್ಷಿ. ಇವರು 1972ರಲ್ಲಿ ಸೋಲ್ ನಗರದಲ್ಲಿ ಹುಟ್ಟಿದವರು; ತಾಯಿ ಬೌದ್ಧರಾದ ಕೊರಿಯದ ಮಹಿಳೆ, ತಂದೆ ಅಮೆರಿಕದ ಯೆಹೂದ್ಯರು. ಬೆಳೆದದ್ದು ಅಮೆರಿಕದ ಪಶ್ಚಿಮ ತೀರದ ಟಕೋಮ ಎಂಬ ಊರಿನಲ್ಲಿ, ತಂದೆಯ ಪೂರ್ವಿಕರು ಕಟ್ಟಲು ನೆರವಾಗಿದ್ದ ಪ್ರಾರ್ಥನಾಮಂದಿರದ ಆಶ್ರಯದಲ್ಲಿ. ಯೇಲಿನಲ್ಲಿ ಓದಿದರು. 1999ರಲ್ಲಿ ಕ್ಯಾಂಟರ್, ಎಂದರೆ ಪ್ರಾರ್ಥನೆಯನ್ನು ಹಾಡಿ ನಡೆಸುವವರಾಗಿಯೂ, 2001ರಲ್ಲಿ ರಬ್ಬಿಯಾಗಿಯೂ ದೀಕ್ಷೆ ಪಡೆದರು. ಏಷ್ಯ ಮೂಲದವರೊಬ್ಬರು ಉತ್ತರ ಅಮೆರಿಕದಲ್ಲಿ ಈ ಎರಡು ಪದವಿಗಳನ್ನೂ ಪಡೆದದ್ದು ಅದೇ ಮೊದಲು. 2014ರಿಂದ ನ್ಯೂಯಾರ್ಕಿನ ಸೆಂಟ್ರಲ್ ಸಿನಗಾಗಿನ ಹಿರಿಯ ರಬ್ಬಿ. ಅವರ ಆತ್ಮಕಥೆ ‘ಹಾರ್ಟ್ ಆಫ್ ಎ ಸ್ಟ್ರೇಂಜರ್’ 2025ರಲ್ಲಿ ಬಂದಿತು. ಆದರೆ ಬಹಳ ಮೊದಲು, 2003ರಲ್ಲಿ, ಅವರು ಬರೆದ ಒಂದು ಚಿಕ್ಕ ಪ್ರಬಂಧವೇ ನನಗೆ ಇಂದಿಗೂ ಹೆಚ್ಚು ಪ್ರಿಯ. ಪಸ್ಕ ಹಬ್ಬದ ತಟ್ಟೆಯಲ್ಲಿ ಕಿಮ್ಚಿ ಎಂಬುದು ಅದರ ಹೆಸರಿನ ತಾತ್ಪರ್ಯ.

ಪಸ್ಕ ಹಬ್ಬದಲ್ಲಿ, ಐಗುಪ್ತದ ದಾಸ್ಯದ ಕಹಿಯನ್ನು ನೆನೆಯುವುದಕ್ಕಾಗಿ ತಟ್ಟೆಯಲ್ಲಿ ಕಹಿ ಸೊಪ್ಪನ್ನೋ ಮೂಗಿಗೇರುವ ಖಾರದ ಬೇರನ್ನೋ ಇಡುತ್ತಾರೆ. ಒಂದು ವರ್ಷ ತಾಯಿ ಅದರ ಬದಲಿಗೆ ಮೆಣಸಿನಕಾಯಿ ಹಾಕಿ ಹುಳಿಬರಿಸಿದ ಕೊರಿಯದ ಎಲೆಕೋಸನ್ನು ಇಟ್ಟರಂತೆ. ಬಾಯಿ ಚುರುಗುಟ್ಟಿಸಿ ಮೂಗಿಗೇರುವುದರಲ್ಲಿ ಎರಡೂ ಒಂದೇ ಎಂಬುದು ಆ ತಾಯಿಯ ಸಮರ್ಥನೆ. ನಗು ಬರುವ ಪ್ರಸಂಗ ನಿಜ. ಆದರೆ ಹಬ್ಬದ ಅರ್ಥವನ್ನು ಹೊರಗಿನಿಂದ ಬಂದ ಸೊಸೆ ಎಷ್ಟು ಸರಿಯಾಗಿ ಹಿಡಿದಿದ್ದಾಳೆ ಎಂಬುದನ್ನು ಗಮನಿಸಬೇಕು.

ಈ ಮನೆಯ ಹುಡುಗಿಗೆ ಪೆಟ್ಟು ಬಿದ್ದದ್ದು ಮನೆಯಾಚೆ, ಓರಗೆಯವರ ನಡುವೆ. ಹದಿನಾರನೆಯ ವಯಸ್ಸಿನಲ್ಲಿ ಯೆಹೂದ್ಯ ವಿದ್ಯಾರ್ಥಿಗಳ ತಂಡವೊಂದರೊಡನೆ ಇಸ್ರೇಲಿಗೆ ಹೋದಾಗ, ಅವಳು ಯೆಹೂದ್ಯಳೇ ಅಲ್ಲವೆಂಬ ಮಾತು ಮೊದಲ ಬಾರಿಗೆ ಕಿವಿಗೆ ಬಿತ್ತು. ಕಾರಣ ಶಾಸ್ತ್ರ. ಸಾಂಪ್ರದಾಯಿಕ ಯೆಹೂದ್ಯ ಶಾಸ್ತ್ರದಲ್ಲಿ ಮಗುವಿನ ಜಾತಿ ತಾಯಿಯಿಂದ ಬರುತ್ತದೆ. ಅಮೆರಿಕದ ಸುಧಾರಕ ಪಂಥದ ರಬ್ಬಿಗಳು ತಂದೆಯ ಕಡೆಯಿಂದಲೂ ಬರಬಹುದೆಂದು 1983ರಲ್ಲಿ ನಿರ್ಣಯ ಮಾಡಿದರೂ, ಸಂಪ್ರದಾಯಸ್ಥರು ಅದನ್ನು ಒಪ್ಪಿಲ್ಲ. ಮುಂದೆ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಅವರು ಆ ವಿಧಿಯಂತೆಯೇ ಸಂಸ್ಕಾರ ಪಡೆದರು. ಹೊಸದಾಗಿ ಸೇರಿದಂತೆ ಅಲ್ಲ, ಇದ್ದದ್ದನ್ನು ಮತ್ತೊಮ್ಮೆ ದೃಢಪಡಿಸಿಕೊಂಡಂತೆ ಎಂಬ ಭಾವದಿಂದ. ಶಾಸ್ತ್ರದ ತೊಡಕನ್ನಾದರೂ ಶಾಸ್ತ್ರವೇ ಬಿಡಿಸುತ್ತದೆ. ಮುಖದ ತೊಡಕನ್ನು ಬಿಡಿಸುವ ವಿಧಿ ಯಾವುದು?

ವಿದ್ಯಾರ್ಥಿನಿಯಾಗಿದ್ದಾಗ ಇಸ್ರೇಲಿನಲ್ಲಿ ಕಳೆದ ಒಂದು ಬೇಸಿಗೆಯ ಕೊನೆಗೆ, ನೊಂದು ಬೇಸತ್ತು, ಆಕೆ ತಾಯಿಗೆ ದೂರವಾಣಿ ಮಾಡುತ್ತಾರೆ. ಹೋದಹೋದ ಕಡೆಯೆಲ್ಲ ವಿವರಣೆ ಕೊಟ್ಟು, ಪ್ರಮಾಣ ತೋರಿಸಿ ಸಾಕಾಯಿತು. ಇನ್ನು ತಾನು ಯೆಹೂದ್ಯಳಾಗಿ ಉಳಿಯುವುದಿಲ್ಲ ಎನ್ನುತ್ತಾರೆ. ಯೆಹೂದ್ಯರಲ್ಲದ ಆ ತಾಯಿ ಸಮಾಧಾನ ಹೇಳಲಿಲ್ಲ, ಉಪದೇಶ ಮಾಡಲಿಲ್ಲ. ಅದು ಸಾಧ್ಯವೆ ಎಂದಷ್ಟೇ ಕೇಳಿದರು. ಆ ಕ್ಷಣದಲ್ಲಿ ಮಗಳಿಗೆ ತಿಳಿಯಿತು: ಕೊರಿಯದವಳಾಗಿರುವುದನ್ನೋ ಹೆಣ್ಣಾಗಿರುವುದನ್ನೋ ಹೇಗೆ ಬಿಡಲಾಗದೋ, ಇದನ್ನೂ ಹಾಗೆಯೇ ಬಿಡಲಾಗದು.

ಒಂದೇ ಪದ, ಎರಡು ಪುಸ್ತಕ. ಒಬ್ಬಾಕೆಗೆ ಅದನ್ನು ಸ್ವಮತದ ಸಹಪಾಠಿ ಕೇಳಿದ. ಅವಳ ಕಾಲ ಕೆಳಗಿನ ನೆಲ ಕುಸಿಯಿತು. ಇನ್ನೊಬ್ಬಾಕೆಗೆ ಅದನ್ನು ಅನ್ಯಮತದ ತಾಯಿ ಕೇಳಿದರು. ಕುಸಿದಿದ್ದ ನೆಲ ಗಟ್ಟಿಯಾಯಿತು. ಮೊದಲನೆಯದು ‘ನೀನು ಹೇಗೆ ಇರಬಲ್ಲೆ’ ಎಂಬ ಪ್ರಶ್ನೆ, ಎರಡನೆಯದು ‘ನೀನು ಹೇಗೆ ಇಲ್ಲದಿರಬಲ್ಲೆ’ ಎಂಬುದು. ಈ ಲೇಖಕಿಯರು ಒಬ್ಬರನ್ನೊಬ್ಬರು ನೋಡಿ ಬರೆದರೆಂದು ನಾನು ಹೇಳುತ್ತಿಲ್ಲ. ಒಂದು ಸಮಾಜದಲ್ಲಿ ಒಂದು ಪ್ರಶ್ನೆ ಬಹಳ ದಿನ ಸುಳಿದಾಡುತ್ತಿದ್ದರೆ, ಬೇರೆಬೇರೆ ಲೇಖನಿಗಳಲ್ಲಿ ಅದೇ ಪದವಾಗಿ ಇಳಿಯುವುದು ಸಹಜ. ವಿಮರ್ಶೆ ಗುರುತಿಸಬೇಕಾದದ್ದು ಇಂಥದನ್ನು.

ಸ್ವಾರಸ್ಯವೆಂದರೆ, ಆ ಧರ್ಮದ ಗ್ರಂಥಗಳೇ ಕೇಳುವವನ ಪಕ್ಷದಲ್ಲಿಲ್ಲ. ಹೊಸದಾಗಿ ಸೇರಿದವನಿಗೂ ಅವನ ಮಕ್ಕಳಿಗೂ ಅವರ ಪೂರ್ವಿಕರ ನಡೆಯನ್ನು ಎತ್ತಿ ಆಡಕೂಡದೆಂದು ಮಿಷ್ನಾ ವಿಧಿಸುತ್ತದೆ. ಮಾತಿನಿಂದ ನೋಯಿಸುವುದೂ ಲೇವಾದೇವಿಯಲ್ಲಿ ಮೋಸ ಮಾಡುವುದರಂಥ ಅಪರಾಧವೆಂದು ಅಲ್ಲಿಯ ಎಣಿಕೆ. ದಾವೀದ ರಾಜನ ಮುತ್ತಜ್ಜಿ ಮೋವಾಬಿನಿಂದ ಬಂದ ರೂತಳು. ಮೋಶೆ ಕೂಷ್ ದೇಶದವಳನ್ನು ಮದುವೆಯಾದನೆಂದು ಅವನ ಅಕ್ಕ ಮಿರ್ಯಾಮಳು ಆಡಿಕೊಂಡಾಗ, ಅವಳ ಚರ್ಮ ಹಿಮದಂತೆ ಬೆಳ್ಳಗಾಯಿತೆಂದು ಸಂಖ್ಯಾಕಾಂಡ ಹೇಳುತ್ತದೆ. ಕಪ್ಪು ನಾಡಿನವಳನ್ನು ಆಡಿಕೊಂಡವಳಿಗೆ ಬಿಳುಪೇ ಶಿಕ್ಷೆಯಾಯಿತು! ಇದಕ್ಕಿಂತ ಹರಿತವಾದ ವ್ಯಂಗ್ಯವನ್ನು ಯಾವ ಆಧುನಿಕ ಲೇಖಕ ಬರೆದಾನು? ಬುಕ್‌ಡಾಲ್ ಅವರ ಪುಸ್ತಕದ ಹೆಸರೂ ವಿಮೋಚನಕಾಂಡದ್ದೇ: ನೀವೂ ಐಗುಪ್ತದಲ್ಲಿ ಪರದೇಶಿಗಳಾಗಿದ್ದವರು, ಪರದೇಶಿಯ ಹೃದಯ ನಿಮಗೆ ಗೊತ್ತು ಎಂಬ ಅರ್ಥದ ವಚನ ಅಲ್ಲಿದೆ.

ಹಾಗಾದರೆ ಕೇಳುವವರೆಲ್ಲ ಗ್ರಂಥ ಮರೆತವರೆ? ಅಷ್ಟು ಸುಲಭವಾಗಿ ತೀರ್ಪು ಕೊಡಲಾಗದು. ಅಲ್ಪಸಂಖ್ಯರಾಗಿ, ಕೊಲೆಗೆ ಗುರಿಯಾಗಿ ಬಾಳಿದವರಿಗೆ ಬಾಗಿಲಲ್ಲಿ ನಿಂತ ಅಪರಿಚಿತ ಮುಖ ಭಯ ಹುಟ್ಟಿಸುತ್ತದೆ. 2018ರ ಅಕ್ಟೋಬರ್ 27ರಂದು ಪಿಟ್ಸ್‌ಬರ್ಗಿನ ಸಿನಗಾಗಿನಲ್ಲಿ ಪ್ರಾರ್ಥನೆಗೆ ಸೇರಿದ್ದ 11 ಜನರನ್ನು ಬಂದೂಕುಗಾರನೊಬ್ಬ ಕೊಂದನು. ಅನಂತರ ಅಂಥ ಮಂದಿರಗಳಿಗೆ ಕಾವಲು ಹೆಚ್ಚಿತು. ಆ ಭಯ ಸುಳ್ಳಲ್ಲ. ಆದರೆ ಕಾವಲುಗಾರನ ಅನುಮಾನ ಮೊದಲು ಬೀಳುವುದು ಕಪ್ಪು ಮುಖದ ಭಕ್ತನ ಮೇಲೆ. ಪಿಟ್ಸ್‌ಬರ್ಗಿನಲ್ಲಿ ಕೊಂದವನಾದರೋ ಬಿಳಿಯ. ಭಯಕ್ಕೆ ಕಾರಣವಿದ್ದರೂ, ಅದು ಬೆರಳು ತೋರಿಸುವ ದಿಕ್ಕು ಸರಿಯಾಗಿರಬೇಕೆಂದಿಲ್ಲ.

ಮೈಕೆಲ್ ಟ್ವಿಟಿ ಅವರ ‘ಕೋಷರ್‌ಸೋಲ್’ ಈ ವಿಚಾರವನ್ನು ಅಡಿಗೆಮನೆಯ ಕಡೆಯಿಂದ ನೋಡುತ್ತದೆ. 2022ರಲ್ಲಿ ಬಂದ ಈ ಪುಸ್ತಕಕ್ಕೆ ಅಮೆರಿಕದ ರಾಷ್ಟ್ರೀಯ ಯೆಹೂದ್ಯ ಗ್ರಂಥ ಬಹುಮಾನಗಳಲ್ಲಿ ವರ್ಷದ ಅತ್ಯುತ್ತಮ ಪುಸ್ತಕವೆಂಬ ಮನ್ನಣೆ ದೊರಕಿತು. ಲೇಖಕರು ಕಪ್ಪು ಜನಾಂಗದವರು, ಯೌವನದಲ್ಲಿ ಯೆಹೂದ್ಯ ಧರ್ಮ ಸೇರಿದವರು, ಅಡಿಗೆಯ ಇತಿಹಾಸಕಾರರು. ಬಹಳ ವರ್ಷ ಹೀಬ್ರೂ ಪಾಠಶಾಲೆಗಳಲ್ಲಿ ಮಕ್ಕಳಿಗೆ ಕಲಿಸಿದವರು. ಅವರ ವಾದ ಸರಳ: ಎರಡು ಜನಾಂಗಗಳ ಒಲೆಗಳು ನಾವೆಂದುಕೊಂಡಷ್ಟು ದೂರವಿಲ್ಲ. ಅಲಸಂದೆ ಕಾಳನ್ನೇ ತೆಗೆದುಕೊಳ್ಳಿ. ಆಫ್ರಿಕದಿಂದ ಗುಲಾಮರ ಜೊತೆ ಅಮೆರಿಕದ ದಕ್ಷಿಣಕ್ಕೆ ಬಂದ ಈ ಕಾಳು ಅಲ್ಲಿಯ ಕಪ್ಪು ಜನರಿಗೆ ಹೊಸ ವರ್ಷದ ಮಂಗಳದ ಊಟ; ಸಿರಿಯ ಮೊದಲಾದ ಕಡೆಯ ಯೆಹೂದ್ಯರಿಗೂ ಅದು ಹೊಸ ವರ್ಷದ ತಟ್ಟೆಯ ಕಾಳೇ. ಯಾವುದು ಯೆಹೂದ್ಯ ಊಟ, ಯಾವುದು ಅಲ್ಲ ಎನ್ನುವವರಿಗೆ ಈ ಒಂದು ಹಿಡಿ ಕಾಳು ಸಾಕು.

ಪಾಠ ಹೇಳುವುದೇ ವೃತ್ತಿಯಾದ ನನಗೆ ಈ ಲೇಖಕರ ಅಧ್ಯಾಪಕ ಜೀವನ ಹೆಚ್ಚು ಹಿಡಿಸಿತು. ಕಪ್ಪು ಮನುಷ್ಯನೊಬ್ಬ ಹೀಬ್ರೂ ಅಕ್ಷರ ತಿದ್ದಿಸುವುದನ್ನು ಏಳೆಂಟು ವರ್ಷದಲ್ಲಿಯೇ ಕಂಡ ಮಗು, ಮುಂದೆ ಕಾಲೇಜಿನಲ್ಲಿ ‘ಹೇಗೆ ಸಾಧ್ಯ’ ಎಂದು ಕೇಳಬೇಕಾಗಿಲ್ಲ. ಅದರ ಕಣ್ಣಿಗೆ ಅದು ಆಗಲೇ ಸಾಧ್ಯವಾಗಿರುತ್ತದೆ. ನೂರು ಉಪನ್ಯಾಸ ಮಾಡಲಾರದ್ದನ್ನು ಒಂದು ತರಗತಿ ಮಾಡುತ್ತದೆ. ಪುಸ್ತಕವಾಗಿ ಮಾತ್ರ ಇದು ಸಡಿಲ. ಪ್ರಬಂಧ, ಸಂವಾದ, ಪಾಕವಿಧಾನ ಒಂದರ ಮೇಲೊಂದು ಬೀಳುತ್ತವೆ. ಲೇಖಕರು ಹಸಿದವರೆಲ್ಲರಿಗೂ ಒಟ್ಟಿಗೆ ಬಡಿಸಲು ಹೊರಟಿದ್ದಾರೆ. ಆದರೂ ನಾಲ್ಕು ಪುಸ್ತಕಗಳಲ್ಲಿ ಕ್ಷಮೆ ಕೇಳುವ ದನಿ ಸ್ವಲ್ಪವೂ ಇಲ್ಲದ್ದು ಇದೊಂದೇ.

ನಾಲ್ಕನೆಯದು ಜೂಲಿಯಸ್ ಲೆಸ್ಟರ್ ಅವರ ‘ಲವ್‌ಸಾಂಗ್’, 1988ರದು. ಮೆಥಡಿಸ್ಟ್ ಪಾದ್ರಿಯ ಮಗನಾದ ಲೆಸ್ಟರ್ 1960ರ ದಶಕದಲ್ಲಿ ಕಪ್ಪು ಜನರ ಹೋರಾಟದ ತೀವ್ರವಾದಿ. 1968ರ ಕೊನೆಯಲ್ಲಿ ಅವರ ಆಕಾಶವಾಣಿ ಕಾರ್ಯಕ್ರಮದಲ್ಲಿ ಅತಿಥಿಯೊಬ್ಬರು ಯೆಹೂದ್ಯದ್ವೇಷದ ಪದ್ಯವೊಂದನ್ನು ಓದಿದಾಗ ನ್ಯೂಯಾರ್ಕೇ ಅವರ ಮೇಲೆ ಸಿಡಿದೆದ್ದಿತ್ತು. ಅಂಥವರು ತಮ್ಮ ಮುತ್ತಾತನೊಬ್ಬ ಜರ್ಮನಿಯಿಂದ ಬಂದ ಯೆಹೂದ್ಯನೆಂಬ ನೆನಪಿನ ಎಳೆ ಹಿಡಿದು, 1980ರ ದಶಕದ ಆರಂಭದಲ್ಲಿ ಆ ಧರ್ಮವನ್ನು ಸೇರಿದರು. ಪುಸ್ತಕ ಬಂದ ವರ್ಷವೇ, ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ಆಫ್ರೋ-ಅಮೆರಿಕನ್ ಅಧ್ಯಯನ ವಿಭಾಗದ ಸಹೋದ್ಯೋಗಿಗಳು ಅವರನ್ನು ತಮ್ಮ ವಿಭಾಗದಿಂದ ಬೇರೆಡೆಗೆ ಕಳಿಸಬೇಕೆಂದು ಕೇಳಿಕೊಂಡರು. ಅವರು ಯೆಹೂದ್ಯ ಅಧ್ಯಯನದ ವಿಭಾಗಕ್ಕೆ ಹೋದರು. 2018ರಲ್ಲಿ ತೀರಿಕೊಂಡರು. ಎರಡು ಮನೆಗಳ ನಡುವೆ ನಿಂತವನಿಗೆ ಒಂದೇ ಬಾಗಿಲಲ್ಲಿ ತೊಂದರೆ ಎಂದುಕೊಳ್ಳಬಾರದು. ಹಳೆಯ ಮನೆಯವರೂ ಬೀಗ ಬದಲಾಯಿಸಬಹುದು. ಲೆಸ್ಟರ್ ಅವರ ಗದ್ಯಕ್ಕೆ ಹಾಡುಗಾರನ ಉಸಿರಿದೆ. ನಾಲ್ವರಲ್ಲಿ ಸಾಹಿತಿ ಎಂಬ ಹೆಸರಿಗೆ ಪೂರ್ಣವಾಗಿ ಸಲ್ಲುವವರು ಇವರೇ.

ಇದು ಅಮೆರಿಕದ ಬಿಳಿ-ಕಪ್ಪು ವ್ಯವಹಾರ, ನಮಗೆ ದೂರದ್ದು ಎಂದುಕೊಳ್ಳುವ ಓದುಗರು ಕೊಚ್ಚಿಯತ್ತ ನೋಡಬಹುದು. ಅಲ್ಲಿಯ ಪರದೇಶಿ ಸಿನಗಾಗ್ 1568ರದು. ಬಿಡುಗಡೆಯಾದ ಗುಲಾಮರ ಸಂತತಿಯೆಂದು ಹೆಸರಿಟ್ಟು, ಕೆಲವು ಮನೆತನದವರನ್ನು ಅಲ್ಲಿ ಬಹುಕಾಲ ಒಳಗೆ ಸಮವಾಗಿ ಕೂರಗೊಡಲಿಲ್ಲ. ಆ ಮನೆತನಗಳಲ್ಲೊಂದರಲ್ಲಿ ಹುಟ್ಟಿ ಮದರಾಸಿನಲ್ಲಿ ಓದಿ ವಕೀಲರಾದ ಎ. ಬಿ. ಸೇಲಂ (1882–1967) ಅವರು, ಗಾಂಧಿಯವರ ದಾರಿ ಹಿಡಿದು ಸಿನಗಾಗಿನೊಳಗೇ ಸತ್ಯಾಗ್ರಹ ನಡೆಸಿ ಆ ಕಟ್ಟಳೆಯನ್ನು ಸಡಿಲಿಸಿದರು. ಅಂಥದೇ ಮನೆತನದ ರೂಬಿ ಡೇನಿಯಲ್ 1951ರಲ್ಲಿ ಇಸ್ರೇಲಿಗೆ ಹೋಗಿ ನೆಲೆಸಿದರು. ಬಾರ್ಬರ ಜಾನ್ಸನ್ ಅವರ ಜೊತೆ ಬರೆದ ಅವರ ನೆನಪುಗಳು, ‘ರೂಬಿ ಆಫ್ ಕೊಚಿನ್’, 1995ರಲ್ಲಿ ಪ್ರಕಟವಾದವು. ಓದಿದ ತಲೆಮಾರು ಬಂದಾಗ ಹಳೆಯ ಪಂಕ್ತಿಭೇದ ಅಲುಗುತ್ತದೆ ಎಂಬುದು ಅಲ್ಲಿಯ ಪಾಠ. ಅಮೆರಿಕದ ಪುಸ್ತಕಗಳು ಅದಕ್ಕೆ ಒಂದು ತಿದ್ದುಪಡಿ ಸೇರಿಸುತ್ತವೆ: ಓದಿದ ತಲೆಮಾರು ಹೊಸ ಪಂಕ್ತಿಯನ್ನು ಹಾಕಲೂ ಬಲ್ಲುದು.

ನಾಲ್ಕೂ ಪುಸ್ತಕಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಈ ಪ್ರಕಾರದ ಒಂದು ಅಪಾಯವೂ ಕಾಣುತ್ತದೆ. ಜೀವಮಾನವೆಲ್ಲ ವಿವರಣೆ ಕೊಟ್ಟು ಅಭ್ಯಾಸವಾದವರು ಬರೆಯುವಾಗಲೂ ವಿವರಣೆ ಕೊಡುತ್ತಾರೆ. ಬುಕ್‌ಡಾಲ್ ಅವರ ದೊಡ್ಡ ಪುಸ್ತಕದಲ್ಲಿ ಪ್ರತಿಯೊಂದು ಗಾಯಕ್ಕೂ ಒಂದು ಬೋಧನೆಯ ಪಟ್ಟಿ ಕಟ್ಟಿದೆ. ರಬ್ಬಿ ಎದ್ದು ನಿಂತಾಗ ಹುಡುಗಿ ಮರೆಯಾಗುತ್ತಾಳೆ. ವಾಕರ್ ಅವರ ಕತ್ತಲ ಕೋಣೆಯ ಪುಟ, ಕೊರಿಯದ ತಾಯಿಯ ಒಂದು ಮಾತು, ಒಂದು ಹಿಡಿ ಅಲಸಂದೆ ನಮ್ಮನ್ನು ಹಿಡಿದು ನಿಲ್ಲಿಸುವುದು ಅಲ್ಲಿ ವಿವರಣೆಯೇ ಇಲ್ಲದ್ದರಿಂದ. ಅರ್ಜಿಯಾಗಿ ಬರೆದದ್ದು ಅರ್ಜಿಯಾಗಿಯೇ ಉಳಿಯುತ್ತದೆ. ಪ್ರಶ್ನೆಯನ್ನು ಕೇಳಿದವನ ಕಡೆಗೇ ತಿರುಗಿಸಿದಾಗ ಅದು ಸಾಹಿತ್ಯವಾಗುತ್ತದೆ.

ಕೊನೆಗೆ ಒಂದು ಮಾತು. ಈ ಪುಸ್ತಕಗಳನ್ನೆಲ್ಲ ಬರೆದವರು ಪ್ರಶ್ನೆ ಕೇಳಿಸಿಕೊಂಡವರು. ಕೇಳಿದವನು ಬರೆದ ಪುಸ್ತಕವನ್ನು ನಾನು ಕಂಡಿಲ್ಲ. ಆ ರಾತ್ರಿ ಯೇಲಿನ ಕೋಣೆಯಿಂದ ಹೊರಬಿದ್ದ ತರುಣ, ಬೆಳಗ್ಗೆ ಎದ್ದಾಗ ತಾನು ಕೇಳಿದ್ದು ನೆನಪಿತ್ತೆ, ತನ್ನ ಹಿರಿಯರು ಅದೇ ಬಾಗಿಲಲ್ಲಿ ಏನು ಕೇಳಿಸಿಕೊಂಡಿದ್ದರೆಂಬುದು ಹೊಳೆಯಿತೆ ಎಂದು ಅವನೇ ಕೂತು ಬರೆದರೆ, ಈ ಸಾಲಿನ ಐದನೆಯ ಪುಸ್ತಕ ಅದಾಗುತ್ತದೆ. ಬಹುಶಃ ಎಲ್ಲಕ್ಕಿಂತ ಬೇಕಾದದ್ದೂ ಆಗುತ್ತದೆ. ಅದು ಬರುವ ವರೆಗೆ ಈ ನಾಲ್ಕನ್ನು ನಮ್ಮ ಕಾಲೇಜುಗಳ ಗ್ರಂಥಭಂಡಾರಗಳು ತರಿಸಿಡಲಿ. ಮಕ್ಕಳನ್ನು ಆ ವಿಶ್ವವಿದ್ಯಾನಿಲಯಗಳಿಗೆ ಕಳಿಸಿರುವ ನಮ್ಮ ನಗರಗಳ ಗೃಹಸ್ಥರು ಇವುಗಳಲ್ಲಿ ಒಂದನ್ನಾದರೂ ಓದಲಿ. ಒಂದೇ ಎಂದರೆ, ನಾನು ಲೆಸ್ಟರ್ ಅವರ ಪುಸ್ತಕವನ್ನು ಹೇಳುತ್ತೇನೆ. ಎರಡು ಎಂದರೆ, ಅದರ ಜೊತೆಗೆ ಬುಕ್‌ಡಾಲ್ ಅವರ ಆ ಚಿಕ್ಕ ಪ್ರಬಂಧವನ್ನು.